ಯುಪಿಐ ನಿಂತ ದಿನ 41 ಜನ ಉದ್ರಿ ಹೇಳಿ ಹೋದರು, ಈಗ ಮಾವ ಕ್ಯೂಆರ್ ಕಿತ್ತು ಹಾಕು ಅಂತಾರೆ

ಗಲ್ಲಾದ ಹುಡುಗ, ಮುಲುಂಡ್

ಎಲ್ಲರಿಗೂ ನಮಸ್ಕಾರ. ಮುಲುಂಡ್‌ನಲ್ಲಿ ಮಾವನ ಒಂದು ಸಣ್ಣ ಹೋಟೆಲ್ ಇದೆ. ಇಡ್ಲಿ, ದೋಸೆ, ಮಧ್ಯಾಹ್ನ ಊಟ. ಬೆಳಿಗ್ಗೆ 7ರಿಂದ 3ರ ತನಕ ಗಲ್ಲಾದಲ್ಲಿ ನಾನು ಕೂರುತ್ತೇನೆ, ಆಮೇಲೆ ಮಾವ. ನಮ್ಮಿಬ್ಬರ ಒಂದು ಜಗಳ ಬಗೆಹರಿಸಿ ಕೊಡಿ.

2025ರ ಏಪ್ರಿಲ್ 12 ನೆನಪಿದೆ ಅಲ್ವಾ? ದೇಶದಲ್ಲೆಲ್ಲ ಯುಪಿಐ ಕೈಕೊಟ್ಟ ದಿನ. ಶನಿವಾರ, ಹನುಮ ಜಯಂತಿ ಬೇರೆ. ನಮ್ಮ ಹೋಟೆಲ್ ತುಂಬಿತ್ತು. ಎರಡನೇ ಶನಿವಾರ ಆದ್ದರಿಂದ ಬ್ಯಾಂಕುಗಳಿಗೂ ರಜೆ. ಜನ ಊಟ ಮುಗಿಸಿ, ಕೈ ತೊಳೆದು, ಸೋಂಪು ಬಾಯಿಗೆ ಹಾಕಿಕೊಂಡು ಫೋನ್ ತೆಗೆದರೆ ಬರೀ ಚಕ್ರ ಸುತ್ತುತ್ತಿದೆ. ಒಬ್ಬರು ಫೋನನ್ನು ಮೇಲೆತ್ತಿ ಹಿಡಿದರು, ಇನ್ನೊಬ್ಬರು ಬಾಗಿಲ ಹತ್ತಿರ ಹೋಗಿ ನಿಂತರು. ಹಣ ಕೊಡುವವರ ಕ್ಯೂ ಒಂದು ಕಡೆ, ಸೀಟಿಗೆ ಕಾಯುವವರ ಕ್ಯೂ ಇನ್ನೊಂದು ಕಡೆ. ಎರಡೂ ಬಾಗಿಲಲ್ಲಿ ಒಂದಕ್ಕೊಂದು ಡಿಕ್ಕಿ.

ನಾನು ಹಾಲಿನ ಲೆಕ್ಕದ ಪುಸ್ತಕ ತೆಗೆದೆ. ಹಿಂದಿನ ಪುಟದಲ್ಲಿ ಹೆಸರು, ಮೊತ್ತ ಬರೆದುಕೊಂಡು ಎಲ್ಲರನ್ನೂ ಕಳಿಸಿದೆ. 41 ಜನ. 3 ಗಂಟೆಗೆ ಮಾವ ಬಂದರು. ಅವರ ತಲೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಬೋರ್ಡು 30 ವರ್ಷದಿಂದ ತೂಗುತ್ತಿದೆ. ಪುಸ್ತಕ ನೋಡಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮಂಗಳವಾರದ ಒಳಗೆ 39 ಜನ ಕೊಟ್ಟರು. ಪನವೇಲ್‌ನವರೊಬ್ಬರು 60 ರೂಪಾಯಿ ಕಳಿಸಿ, "ಬಂತಾ?" ಅಂತ ಫೋನ್ ಮಾಡಿ ಬೇರೆ ಕೇಳಿದರು.

ಆಮೇಲೆ ಜುಲೈಯಲ್ಲಿ ಬೆಂಗಳೂರಿನ ಸುದ್ದಿ ಬಂತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಗಳಿಗೆ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್. ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡು. ಅವತ್ತಿನಿಂದ ಮಾವನದ್ದು ಒಂದೇ ರಾಗ: "ಒಂದು ದಿನ ಕೈಕೊಡುತ್ತದೆ, ಉಳಿದ ದಿನ ಚಾಡಿ ಹೇಳುತ್ತದೆ. ಕಿತ್ತು ಹಾಕು." ತಿಂಗಳುಗಟ್ಟಲೆ ಆಯಿತು, ಇನ್ನೂ ಬಿಟ್ಟಿಲ್ಲ. ಕ್ಯೂಆರ್ ಇರಲಿ ಅಂತ ನಾನು. ನೀವೇನಂತೀರಿ? ಮತ್ತೆ, ಅವತ್ತು ನಾನು ಉದ್ರಿ ಕೊಟ್ಟದ್ದು ತಪ್ಪಾ?

ಮೀರಾ ರೋಡ್ ಮಲ್ಲಿಗೆ

ತಪ್ಪೇ ಅಲ್ಲ. ಹೊಟ್ಟೆ ತುಂಬಿದವರನ್ನು ನಿಲ್ಲಿಸಿಕೊಂಡು ಏನು ಮಾಡುತ್ತೀರಿ? ಊಟ ವಾಪಸ್ ತೆಗೆದುಕೊಳ್ಳಲಿಕ್ಕೆ ಆಗುತ್ತದಾ?

ಬೋರಿವಲಿ ಬೈಂದೂರು

ಆ ಉಳಿದ ಇಬ್ಬರು ಯಾರು ಮಾರಾಯ್ರೆ? ಅದನ್ನು ಮೊದಲು ಹೇಳಿ.

ಲೆಕ್ಕದ ಭಟ್ರು, ಡೊಂಬಿವಲಿ

ನಾನು ಈ ಕೆಲಸದಲ್ಲಿ 22 ವರ್ಷದಿಂದ ಇದ್ದೇನೆ. ಮಾವನಿಗೆ ಇದನ್ನು ಓದಿ ಹೇಳಿ.

ಯುಪಿಐ ಮೇಲೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಇರುವುದು ವ್ಯಾಪಾರದ ಮೇಲೆ. ಹಣ ನೋಟಿನಲ್ಲಿ ಬಂದರೂ ಫೋನಿನಲ್ಲಿ ಬಂದರೂ ಲೆಕ್ಕ ಒಂದೇ. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಹೋಟೆಲ್ ಊಟ ಸೇವೆಯ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ 20 ಲಕ್ಷ. ಕ್ಯೂಆರ್ ಕಿತ್ತರೆ ವಹಿವಾಟು ಮಾಯ ಆಗುವುದಿಲ್ಲ. ಗಡಿಯಾರ ಕಿತ್ತರೆ ಹೊತ್ತು ನಿಲ್ಲುತ್ತದಾ?

ಬೆಂಗಳೂರಿನ ವಿಷಯ ಸ್ವಲ್ಪ ಬೇರೆ. ಅಲ್ಲಿ 2021-22ರಿಂದ ನಾಲ್ಕು ವರ್ಷದ ಯುಪಿಐ ಮೊತ್ತ ಕೂಡಿಸಿ ನೋಟಿಸ್ ಕಳಿಸಿದರು. ಹಾಲು, ಹಸಿ ತರಕಾರಿ, ಹಣ್ಣು ಮಾರಿದ ಹಣವೂ ಅದರಲ್ಲಿ ಸೇರಿತ್ತು. ಅವುಗಳಿಗೆ ಜಿಎಸ್‌ಟಿಯೇ ಇಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟು ಅಂತ ಬಂತು. ಪಾಪ, ಅವರು ಮಾರುವುದು ಸೊಪ್ಪು, ಟೊಮೆಟೊ. ಇದು ತಪ್ಪು ಅಂತ ನಾನು ಅವತ್ತೇ ಹೇಳಿದ್ದೆ, ಇವತ್ತೂ ಹೇಳುತ್ತೇನೆ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿ ಅಂದರು. ಜುಲೈ 25ರ ಬಂದ್ ಕರೆ ಆಮೇಲೆ ತಣ್ಣಗಾಯಿತು.

ಈಗ ಹೇಳಿ, ನಿಮ್ಮ ಹೋಟೆಲಿಗೆ ಜಿಎಸ್‌ಟಿ ನಂಬರ್ ಇದೆಯಾ?

ಗಲ್ಲಾದ ಹುಡುಗ, ಮುಲುಂಡ್

@ಲೆಕ್ಕದ ಭಟ್ರು, ಇದೆ. ಬಿಲ್ಲಿನಲ್ಲಿ 5 ಪರ್ಸೆಂಟ್ ಹಾಕುತ್ತೇವೆ, ಪ್ರತಿ ತಿಂಗಳು ಕಟ್ಟುತ್ತೇವೆ. ಆದರೆ ಬಾಗಿಲ ಪಕ್ಕ ಅತ್ತೆಯ ಚಕ್ಕುಲಿ, ಉಪ್ಪಿನಕಾಯಿ ಕೌಂಟರ್ ಇದೆ. ಅದರ ಕ್ಯೂಆರ್ ಅತ್ತೆಯ ಸ್ವಂತ ಉಳಿತಾಯ ಖಾತೆಗೆ ಹೋಗುತ್ತದೆ. ಮಾವನಿಗೆ ಭಯ ಅದರದ್ದೇ ಅಂತ ಕಾಣುತ್ತದೆ.

ಲೆಕ್ಕದ ಭಟ್ರು, ಡೊಂಬಿವಲಿ

ಹಾಗಾದರೆ ಭಯ ಯಾಕೆ? ಅತ್ತೆಗೆ ಒಂದು ಕರೆಂಟ್ ಖಾತೆ ಮಾಡಿಸಿ. ಚಕ್ಕುಲಿ ಹಣ ಅಲ್ಲಿಗೆ, ಮಗಳು ಕಳಿಸುವ ಹಣ ಉಳಿತಾಯ ಖಾತೆಗೆ. ಎರಡೂ ಒಂದೇ ಪಾತ್ರೆಗೆ ಸುರಿದರೆ ನಾಳೆ ಯಾವುದು ಸಾಂಬಾರು, ಯಾವುದು ಪಾಯಸ ಅಂತ ಹೇಳಲು ಆಗುವುದಿಲ್ಲ. ಅಷ್ಟೇ ಸಮಸ್ಯೆ. ಚಕ್ಕುಲಿ ಮಾರಿ ವರ್ಷಕ್ಕೆ 40 ಲಕ್ಷ ದಾಟಿದರೆ ಅತ್ತೆಗೆ ನಾನೇ ಬಂದು ಹಾರ ಹಾಕುತ್ತೇನೆ.

ಕೋಥ್ರೂಡ್ ಕನ್ನಡತಿ

ನಾನು ಮಾವನ ಪಕ್ಷ. ಪೂರ್ತಿ ಅಲ್ಲ, ಅರ್ಧ.

ಪುಣೆಯಲ್ಲಿ ನಮ್ಮ ಅಮ್ಮನಿಗೆ 71 ವರ್ಷ. ಹಳೇ ಸೋಫಾ ಮಾರಲು ಜಾಹೀರಾತು ಹಾಕಿದ್ದರು. ಒಬ್ಬ ಫೋನ್ ಮಾಡಿ "ಆಂಟಿ, ಹಣ ಕಳಿಸುತ್ತಿದ್ದೇನೆ, ಪಿನ್ ಒತ್ತಿ" ಅಂದ. ಅಮ್ಮ ಒತ್ತಿದರು. 4,000 ರೂಪಾಯಿ ಹೋಯಿತು. ಸೋಫಾ ಇನ್ನೂ ಹಾಲ್‌ನಲ್ಲೇ ಇದೆ. ಅಮ್ಮ ಅದರ ಮೇಲೆ ಕೂರುವುದನ್ನು ಬಿಟ್ಟಿದ್ದಾರೆ. ಅಷ್ಟು ಸಿಟ್ಟು.

ನೋಟು ಕೊಡುವಾಗ ಕೈಗೆ ಗೊತ್ತಾಗುತ್ತದೆ, ಕೊಡುತ್ತಿದ್ದೇನೆ ಅಂತ. ಫೋನಿನಲ್ಲಿ ಕೊಡುವುದೂ ತಗೊಳ್ಳುವುದೂ ಒಂದೇ ಥರ ಕಾಣುತ್ತದೆ. ಇದು ವಯಸ್ಸಾದವರ ದಡ್ಡತನ ಅಲ್ಲ. ಆ್ಯಪ್ ಮಾಡಿದವರು ಅವರ ಬಗ್ಗೆ ಯೋಚನೆ ಮಾಡಿಲ್ಲ, ಅಷ್ಟೇ.

ಹಿಂಜವಡಿ ಹುಬ್ಬಳ್ಳಿ

ಅಮ್ಮನಿಗೆ ಒಂದೇ ಮಾತು ಹೇಳಿಕೊಡಿ: ಹಣ ಬರಲಿಕ್ಕೆ ಪಿನ್ ಬೇಡ. ಪಿನ್ ಕೇಳಿದರೆ ಹಣ ಹೋಗುತ್ತದೆ. ನಮ್ಮ ಮನೆಯ ಫ್ರಿಜ್ ಮೇಲೆ ಇದನ್ನೇ ಬರೆದು ಅಂಟಿಸಿದ್ದೇನೆ.

ಇನ್ನೊಂದು ಒಳ್ಳೇ ಸುದ್ದಿ. ಜನರಿಂದ ಜನರಿಗೆ ಹೀಗೆ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್ ಅನ್ನೇ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ. ಕಳ್ಳರಿಗೆ ಒಂದು ಬಾಗಿಲು ಮುಚ್ಚಿತು.

ಕೋಥ್ರೂಡ್ ಕನ್ನಡತಿ

ಒಂದು ಬಾಗಿಲು ಮುಚ್ಚಿದರೆ ಅವರು ಕಿಟಕಿ ಹುಡುಕುತ್ತಾರೆ. ಆದರೂ ಥ್ಯಾಂಕ್ಸ್. ಫ್ರಿಜ್ ಐಡಿಯಾ ಇವತ್ತೇ ಮಾಡುತ್ತೇನೆ.

ಬೋರಿವಲಿ ಬೈಂದೂರು

ಏಪ್ರಿಲ್ 12ಕ್ಕೆ ನಿಜವಾಗಿ ಏನಾಗಿತ್ತು? ನಮ್ಮ ಬಿಲ್ಡಿಂಗ್‌ನಲ್ಲಿ ಒಬ್ಬರು ಚೀನಾದವರು ಮಾಡಿದ್ದು ಅಂತಾರೆ. ಇನ್ನೊಬ್ಬರು ಐಪಿಎಲ್‌ನಿಂದ ಅಂತಾರೆ.

ಹಿಂಜವಡಿ ಹುಬ್ಬಳ್ಳಿ

ಚೀನಾನೂ ಅಲ್ಲ, ಐಪಿಎಲ್ಲೂ ಅಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಆಮೇಲೆ ಕಾರಣ ಹೇಳಿತು. ನನ್ನ ಕೆಲಸವೂ ಸರ್ವರ್‌ಗಳದ್ದೇ, ಹಾಗಾಗಿ ಹೋಟೆಲ್ ಭಾಷೆಯಲ್ಲಿ ಹೇಳುತ್ತೇನೆ.

ನೀವು ದೋಸೆ ಆರ್ಡರ್ ಮಾಡಿದಿರಿ. ಮಾಣಿ ಅಡುಗೆಮನೆಗೆ ಹೋಗಿ ಹೇಳಿದ. ಎರಡು ನಿಮಿಷ ಆಯಿತು, ದೋಸೆ ಬರಲಿಲ್ಲ. ಮಾಣಿ ಮತ್ತೆ ಹೋಗಿ "ದೋಸೆ ಆಯ್ತಾ?" ಅಂತ ಕೇಳಿದ. ಅಡುಗೆ ಭಟ್ಟರು ಸೌಟು ಕೆಳಗಿಟ್ಟು "ಆಗ್ತಾ ಇದೆ" ಅಂದರು. ಈಗ ಹತ್ತು ಮಾಣಿಗಳು ನಿಮಿಷಕ್ಕೊಮ್ಮೆ ಹೋಗಿ ಎಲ್ಲ ಟೇಬಲಿನ ದೋಸೆಯನ್ನೂ ಕೇಳುತ್ತಿದ್ದಾರೆ ಅಂದುಕೊಳ್ಳಿ. ಭಟ್ಟರು ಉತ್ತರ ಕೊಡುವುದರಲ್ಲೇ ಸುಸ್ತು. ಕಾವಲಿ ಖಾಲಿ.

ಅವತ್ತು ಆದದ್ದು ಇದೇ. "ಈ ಪೇಮೆಂಟ್ ಆಯ್ತಾ?" ಅಂತ ಕೇಳುವ ಒಂದು ವಿಚಾರಣೆ ಇದೆ. ಕೆಲವು ಬ್ಯಾಂಕುಗಳ ಕಡೆಯಿಂದ ಅದು ರಾಶಿರಾಶಿಯಾಗಿ ಬಂತು. ಹಳೇ ಪೇಮೆಂಟುಗಳನ್ನೂ ಮತ್ತೆ ಮತ್ತೆ ಕೇಳಿದರು. ಇಡೀ ವ್ಯವಸ್ಥೆ ಉಸಿರುಗಟ್ಟಿತು. ಆಮೇಲೆ ಎಷ್ಟು ಸಲ ಕೇಳಬಹುದು, ನಡುವೆ ಎಷ್ಟು ಬಿಡುವು ಇರಬೇಕು ಅಂತ ನಿಯಮ ಬಿಗಿ ಮಾಡಿದರು. ಆಗಸ್ಟ್ 1ರಿಂದ ನಾವು ಬ್ಯಾಲೆನ್ಸ್ ನೋಡುವುದಕ್ಕೂ ಮಿತಿ ಬಂದಿದೆ. ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ.

ಮೀರಾ ರೋಡ್ ಮಲ್ಲಿಗೆ

ದಿನಕ್ಕೆ 50 ಸಲ ಬ್ಯಾಲೆನ್ಸ್ ನೋಡುವವರು ಯಾರಪ್ಪ?

ಥಾಣೆ ಟೀಚರ್

ನನ್ನ ತಮ್ಮ. ತಿಂಗಳ 30ನೇ ತಾರೀಖು. ನೋಡುತ್ತಾ ಇದ್ದರೆ ಜಾಸ್ತಿ ಆಗುತ್ತದೆ ಅಂತ ಅವನ ನಂಬಿಕೆ.

ಬೋರಿವಲಿ ಬೈಂದೂರು

@ಹಿಂಜವಡಿ ಹುಬ್ಬಳ್ಳಿ, ದೋಸೆ ಲೆಕ್ಕದಲ್ಲಿ ಪೂರ್ತಿ ಅರ್ಥ ಆಯಿತು. ಟಿವಿಯಲ್ಲಿ ಎಂಟು ಜನ ಕೂತು ಅರ್ಧ ಗಂಟೆ ಕೂಗಾಡಿದರೂ ಇದು ಅರ್ಥ ಆಗಿರಲಿಲ್ಲ.

ಹಿಂಜವಡಿ ಹುಬ್ಬಳ್ಳಿ

ಇನ್ನೊಂದು ಗಮನಿಸಿದ್ದೀರಾ? ಯುಪಿಐ ಶುರುವಾದದ್ದು 2016ರ ಏಪ್ರಿಲ್ 11. ರಘುರಾಮ್ ರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ, 21 ಬ್ಯಾಂಕುಗಳ ಜೊತೆ, ನಿಮ್ಮ ಮುಂಬೈಯಲ್ಲೇ. ನಿಂತದ್ದು ಏಪ್ರಿಲ್ 12. ಒಂಬತ್ತನೇ ಹುಟ್ಟುಹಬ್ಬದ ಮರುದಿನ ಹಾಸಿಗೆ ಹಿಡಿಯಿತು. ಕೇಕ್ ಜಾಸ್ತಿ ತಿಂದಿರಬೇಕು.

ಆದರೂ ನಾನು ಯುಪಿಐ ಪರ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ಪೇಮೆಂಟ್ ದಾಟಿದೆ. ಅಷ್ಟನ್ನು ಹೊತ್ತು ತಿರುಗುವುದು ಸುಮ್ನೆ ಅಲ್ಲ. ಇದನ್ನು ನಾವೇ ಮಾಡಿಕೊಂಡದ್ದು ಅನ್ನುವ ಹೆಮ್ಮೆ ನನಗೆ ನಿಜವಾಗಿಯೂ ಇದೆ.

ವಾಸ್ಕೋ ವಾಸಿ

ಗೋವಾದಿಂದ ಒಂದು ಮಾತು. ಇಲ್ಲಿ ಮೀನು ಮಾರುವ ಹೆಂಗಸರ ಕೊಡೆಯ ಕಡ್ಡಿಗೆ ಕ್ಯೂಆರ್ ನೇತಾಡುತ್ತಿರುತ್ತದೆ. ಬಂಗುಡೆ ಹಿಡಿದ ಕೈಯಲ್ಲಿ ಫೋನ್ ಮುಟ್ಟಲು ಆಗುವುದಿಲ್ಲ, ಒದ್ದೆ ಬೆರಳಿಗೆ ಸ್ಕ್ರೀನ್ ಕೇಳುವುದೂ ಇಲ್ಲ. ಅದಕ್ಕೆ ಅವರಿಗೆ, ಹಣ ಬಂದರೆ ಮೊತ್ತ ಕೂಗುವ ಆ ಡಬ್ಬಿ ದೇವರಿದ್ದಂತೆ. ಡಬ್ಬಿ "ಇನ್ನೂರು" ಅಂದರೆ ಸಾಕು, ತಲೆ ಎತ್ತದೆ ಮೀನು ಕತ್ತರಿಸಿ ಚೀಲಕ್ಕೆ ಹಾಕುತ್ತಾರೆ.

ಬೆಳಿಗ್ಗೆ ಸೈಕಲ್ ಹಾರ್ನ್ ಒತ್ತಿಕೊಂಡು ಬರುವ ಪೊದೇರ್, ಅಂದರೆ ಪಾವ್ ಮಾರುವವನು, ಕೂಡ ಪಾವ್ ಬುಟ್ಟಿಯ ಮೇಲೆ ಕ್ಯೂಆರ್ ಅಂಟಿಸಿದ್ದಾನೆ. ಆದರೆ ನಮ್ಮ ಓಣಿಯ ಅಜ್ಜಿಯರು ತಿಂಗಳ ಕೊನೆಗೆ ಒಟ್ಟಿಗೆ ಕೊಡುವುದು. ಅವನು ಬರೆದುಕೊಳ್ಳುವುದೂ ಇಲ್ಲ, ಬಾಯಿಲೆಕ್ಕ. ಮಳೆಗಾಲದಲ್ಲಿ ಕರೆಂಟ್ ಹೋಗಿ, ನೆಟ್‌ವರ್ಕ್ ಹೋಗಿ, ಮೂರು ದಿನ ಆದರೂ ಪಾವ್ ಮಾತ್ರ ಬರುತ್ತದೆ.

ಎರಡೂ ಬೇಕು. ಡಬ್ಬಿಯೂ ಬೇಕು, ಬಾಯಿಲೆಕ್ಕವೂ ಬೇಕು.

ಪಿಂಪ್ರಿ ಪೇಡೆ

ಡಬ್ಬಿ ವಿಷಯ ಬಂತಲ್ಲ, ಒಂದು ಕಥೆ ಹೇಳಲೇಬೇಕು. ನಮ್ಮ ಏರಿಯಾದಲ್ಲಿ ವಿಜಯಪುರದವರೊಬ್ಬರ ಹಣ್ಣಿನ ಅಂಗಡಿ ಇದೆ. ಫೋನ್‌ಪೇಯವರು 2024ರಲ್ಲಿ ಕಿಚ್ಚ ಸುದೀಪ್ ಧ್ವನಿ ಬಿಟ್ಟರಲ್ಲ, ಇವರು ಅದನ್ನೇ ಹಾಕಿಸಿಕೊಂಡರು. ಪಕ್ಕದ ಅಂಗಡಿಯ ಕಾಕಾ ಮರಾಠಿಯವರು. ಮೊದಲ ದಿನ ಅವರು ಓಡಿ ಬಂದು "ಏನಾಯ್ತು, ಯಾರು ಬೈಯುತ್ತಿದ್ದಾರೆ?" ಅಂತ ಕೇಳಿದರಂತೆ. ಬಂದದ್ದು 20 ರೂಪಾಯಿ, ಬಾಳೆಹಣ್ಣಿಗೆ.

ಈಗ ಆ ಕಾಕಾನಿಗೆ ಕನ್ನಡದಲ್ಲಿ ಸಾವಿರದ ತನಕ ಎಣಿಸಲು ಬರುತ್ತದೆ. ಡಬ್ಬಿಯಿಂದಲೇ ಕಲಿತದ್ದು. ನಮ್ಮ ಅಪಾರ್ಟ್‌ಮೆಂಟಿನ ಕನ್ನಡದ ಮಕ್ಕಳಿಗೆ "ಎಪ್ಪತ್ತೊಂಬತ್ತು" ಅಂದರೆ ಸೆವೆಂಟಿ ನೈನಾ ಏಯ್ಟಿ ನೈನಾ ಗೊತ್ತಿಲ್ಲ. ನನಗೆ ಆ ಡಬ್ಬಿ ಮೇಲೆ ಬಹಳ ಪ್ರೀತಿ.

ಥಾಣೆ ಟೀಚರ್

ಇದು ನಿಜವಾದ ಸಂಕಟ. ಭಾನುವಾರ ಕನ್ನಡ ಕಲಿಸುತ್ತೇನೆ, 14 ಮಕ್ಕಳು ಬರುತ್ತಾರೆ. ಅಕ್ಷರ ಕಲಿಯುತ್ತಾರೆ, ಅಂಕೆ ಹತ್ತಿರ ಬಂದರೆ ಇಂಗ್ಲಿಷ್. ಮುಂದಿನ ವಾರ ಅವರನ್ನು ಹಣ್ಣಿನ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ.

ಬೋರಿವಲಿ ಬೈಂದೂರು

ಮಹಾರಾಷ್ಟ್ರದಲ್ಲಿ ಅಂಗಡಿ ಇಟ್ಟುಕೊಂಡು ಡಬ್ಬಿ ಕನ್ನಡದಲ್ಲಿ ಕೂಗಿದರೆ ಸರಿ ಕಾಣುತ್ತದಾ? ಇಲ್ಲಿ ಮರಾಠಿ ಇರಬೇಕು. ಬೆಂಗಳೂರಿನಲ್ಲಿ ಹಿಂದಿ ಡಬ್ಬಿ ಕಂಡರೆ ನಾವೇ ಸಿಟ್ಟಾಗುತ್ತೇವಲ್ಲ.

ಪಿಂಪ್ರಿ ಪೇಡೆ

ಡಬ್ಬಿ ಮಾತಾಡುವುದು ಅಂಗಡಿಯವರ ಹತ್ತಿರ, ಗಿರಾಕಿ ಹತ್ತಿರ ಅಲ್ಲ. ಅವರು ಗಿರಾಕಿಗಳ ಹತ್ತಿರ ಚೊಕ್ಕ ಮರಾಠಿ ಮಾತಾಡುತ್ತಾರೆ, ನಿಮಗಿಂತ ಚೆನ್ನಾಗಿ.

ಬೋರಿವಲಿ ಬೈಂದೂರು

ನನ್ನ ಮರಾಠಿ ನೀವು ಎಲ್ಲಿ ಕೇಳಿದಿರಿ? ಆದರೂ ಅಂಗಡಿಯವರ ಕಿವಿಗೆ ಅಂದದ್ದು ಒಪ್ಪಿದೆ.

ಫೋರ್ಟ್ ಹಳಬ

ಮಕ್ಕಳೇ, ನಾನು 1974ರಲ್ಲಿ ಮುಂಬೈಗೆ ಬಂದೆ. 13 ವರ್ಷ. ಫೋರ್ಟ್‌ನ ಒಂದು ಕ್ಯಾಂಟೀನಿನಲ್ಲಿ ಗ್ಲಾಸು ತೊಳೆಯುವ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲ್. ಸಂಬಳ ಬಂದ ದಿನ ಪೋಸ್ಟ್ ಆಫೀಸಿನಲ್ಲಿ ಕ್ಯೂ ನಿಂತು ಊರಿಗೆ ಮನಿ ಆರ್ಡರ್. ಆ ಫಾರಂನ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ನನ್ನ ಎರಡು ಸಾಲು ಪ್ರತಿ ತಿಂಗಳೂ ಅದೇ: "ಅಮ್ಮಾ, ನಾನು ಚೆನ್ನಾಗಿದ್ದೇನೆ. ತಂಗಿಗೆ ಪುಸ್ತಕ ತೆಗೆದುಕೊಡು." ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಜಗುಲಿಯಲ್ಲಿ ಕೂತು ಓದಿ ಹೇಳುತ್ತಿದ್ದ, ಮಜ್ಜಿಗೆ ಕುಡಿದು ಹೋಗುತ್ತಿದ್ದ. ಹಣ ತಲುಪಲು ಎಷ್ಟೋ ದಿನ. ತಲುಪಿತು ಅಂತ ನನಗೆ ಗೊತ್ತಾಗಲು ಇನ್ನೂ ಎಷ್ಟೋ ದಿನ.

ಈಗ ತಂಗಿ ಕಾರ್ಕಳದಲ್ಲಿದ್ದಾಳೆ. ಹಣ ಕಳಿಸಿದರೆ ಮೂರು ಸೆಕೆಂಡು. ಕಳಿಸುವಾಗ ಒಂದು ಸಣ್ಣ ಟಿಪ್ಪಣಿ ಬರೆಯುವ ಜಾಗ ಇದೆ, ಯಾರೂ ನೋಡುವುದಿಲ್ಲ. ನಾನು ಪ್ರತಿ ಸಲ ಅದರಲ್ಲಿ "ಪುಸ್ತಕ ತೆಗೆದುಕೋ" ಅಂತ ಬರೆಯುತ್ತೇನೆ. ಅವಳಿಗೀಗ 60. ಓದಿದ ಮೇಲೆ ಫೋನ್ ಮಾಡುತ್ತಾಳೆ.

ನಾನು ಗಲ್ಲಾದ ಹುಡುಗನ ಪಕ್ಷ. ಕ್ಯೂಆರ್ ಇರಲಿ. ಪುಸ್ತಕವೂ ಇರಲಿ.

ಮೀರಾ ರೋಡ್ ಮಲ್ಲಿಗೆ

ಕಣ್ಣು ಒದ್ದೆ ಆಯಿತು, ಹಿರಿಯರೇ. ಇವತ್ತು ಅಣ್ಣನಿಗೆ ಲೈಟ್ ಬಿಲ್ ಹಣ ಕಳಿಸಿದೆ. ಟಿಪ್ಪಣಿಯಲ್ಲಿ ಏನೂ ಬರೆದಿರಲಿಲ್ಲ.

ಲೆಕ್ಕದ ಭಟ್ರು, ಡೊಂಬಿವಲಿ

ಹಣವನ್ನು ಮನೆಬಾಗಿಲಿಗೆ ತಂದದ್ದು ಫೋನ್ ಅಂತ ಈಗಿನವರು ಅಂದುಕೊಂಡಿದ್ದಾರೆ. ನಮ್ಮ ಊರಿನ ಕಡೆ ಅದು 1928ರಲ್ಲೇ ಆಗಿತ್ತು. ಪಿಗ್ಮಿ! ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ 2 ಆಣೆ ಸಂಗ್ರಹಿಸಲು ಏಜೆಂಟರನ್ನು ಮನೆಮನೆಗೆ, ಅಂಗಡಿ ಅಂಗಡಿಗೆ ಕಳಿಸುತ್ತಿದ್ದರು. ಮಣಿಪಾಲದಲ್ಲಿ ಹುಟ್ಟಿದ ಬ್ಯಾಂಕ್ ದೇಶಕ್ಕೇ ದಾರಿ ತೋರಿಸಿತು.

ಫೋರ್ಟ್ ಹಳಬ

ಭಟ್ರೇ, ಹುಟ್ಟಿದ್ದು ಉಡುಪಿಯಲ್ಲಿ, 1925ರಲ್ಲಿ. ಮಣಿಪಾಲಕ್ಕೆ ಹೋದದ್ದು ಆಮೇಲೆ. ಆಗಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ, ಮೂವರು ಸೇರಿ ಶುರು ಮಾಡಿದ್ದು.

ಲೆಕ್ಕದ ಭಟ್ರು, ಡೊಂಬಿವಲಿ

ಸರಿ, ನಿಮ್ಮದೇ ಸರಿ. ಬರೆಯುವಾಗ ಅವಸರ ಆಯಿತು. ಈಗ ಅದು ಕೆನರಾ ಬ್ಯಾಂಕಿನ ಒಳಗೆ ಸೇರಿಹೋಗಿದೆ, 2020ರ ಏಪ್ರಿಲ್ 1ರಿಂದ. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ ಬರೋಡಾಕ್ಕೆ. ನಮ್ಮ ಜಿಲ್ಲೆಯ ಮೂರು ಹೆಸರು ಎರಡೇ ವರ್ಷದಲ್ಲಿ ಬೋರ್ಡಿನಿಂದ ಹೋದವು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೋರಿವಲಿ ಬೈಂದೂರು

ನಮ್ಮ ಅಜ್ಜಿ ಪಿಗ್ಮಿಯವನನ್ನು "ಬ್ಯಾಂಕ್ ಮಗ" ಅಂತಲೇ ಕರೆಯುತ್ತಿದ್ದರು. ಅವನು ಬಂದಾಗ ಹಲಸಿನ ಹಪ್ಪಳ. ಯಾವ ಆ್ಯಪ್‌ಗೆ ಯಾರು ಹಪ್ಪಳ ಕೊಟ್ಟಿದ್ದಾರೆ?

ಕೋಥ್ರೂಡ್ ಕನ್ನಡತಿ

ಇದನ್ನೇ ನಾನು ಹೇಳಿದ್ದು! ಮನುಷ್ಯರು ಬೇಕು, ಅರ್ಧಕ್ಕಾದರೂ.

ಹಿಂಜವಡಿ ಹುಬ್ಬಳ್ಳಿ

ಕ್ಯಾಶ್ ಕಾಲ ಅಷ್ಟೊಂದು ಸುಖ ಆಗಿತ್ತಾ? ಚಿಲ್ಲರೆ ಜಗಳ ಮರೆತುಬಿಟ್ಟಿರಾ? ಮೂರು ರೂಪಾಯಿ ಬಾಕಿಗೆ ಮೂರು ಚಾಕ್ಲೇಟ್. ನನ್ನ ಬಾಲ್ಯದ ಹಲ್ಲೆಲ್ಲ ಕಿರಾಣಿ ಅಂಗಡಿಯ ಚಿಲ್ಲರೆಯಿಂದಲೇ ಹುಳುಕಾದದ್ದು.

ಥಾಣೆ ಟೀಚರ್

ಚಿಲ್ಲರೆ ಜಗಳ ಎಲ್ಲಿ ಮುಗಿದಿದೆ? 2025ರ ಫೆಬ್ರವರಿಯಿಂದ ಇಲ್ಲಿ ಆಟೋ ಮಿನಿಮಮ್ 26 ರೂಪಾಯಿ. ಮೊದಲು 23 ಇತ್ತು. 25 ಮಾಡಿದ್ದರೆ ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ. ಆ ಒಂದು ರೂಪಾಯಿ ಎಲ್ಲಿಂದ ತರುವುದು? ಯುಪಿಐ ಇಲ್ಲದಿದ್ದರೆ ಪ್ರತಿ ಆಟೋದಲ್ಲೂ 4 ರೂಪಾಯಿಗೆ ಪಂಚಾಯಿತಿ ನಡೆಯುತ್ತಿತ್ತು.

ಮೀರಾ ರೋಡ್ ಮಲ್ಲಿಗೆ

ನೋಟು ರದ್ದಾದ ದಿನಗಳು ಯಾರಿಗೂ ನೆನಪಿಲ್ವಾ? 2016ರ ನವೆಂಬರ್ 8, ರಾತ್ರಿ 8 ಗಂಟೆ. ಆಮೇಲೆ ಬಂತು ಗುಲಾಬಿ ಬಣ್ಣದ 2,000ದ ನೋಟು. ಅದನ್ನು ಹಿಡಿದುಕೊಂಡು ನಾನು ಅರ್ಧ ದಿನ ಕೊತ್ತಂಬರಿ ಸೊಪ್ಪಿಗೆ ಅಲೆದಿದ್ದೇನೆ. ಸೊಪ್ಪಿನವಳು ನೋಟನ್ನು ನೋಡಿ "ತಾಯಿ, ನನ್ನ ಇಡೀ ಗಾಡಿ ತಗೊಂಡರೂ ಚಿಲ್ಲರೆ ಕೊಡಬೇಕಾಗುತ್ತದೆ" ಅಂದಳು. ಅದೂ 2023ರ ಮೇ ತಿಂಗಳಲ್ಲಿ ವಾಪಸ್ ಹೋಯಿತು. ಹೋಗಲಿ, ನನಗೇನೂ ಬೇಜಾರಿಲ್ಲ.

ವಾಸ್ಕೋ ವಾಸಿ

ಪಾಯಿಂಟ್ ಏನಂದರೆ, ಒಂದನ್ನೇ ನಂಬಿ ಕೂತರೆ ಆ ಒಂದು ಬಿದ್ದ ದಿನ ಎಲ್ಲರೂ ಬೀಳುತ್ತೇವೆ. 2024ರ ಜುಲೈ 19 ನೆನಪಿಸಿಕೊಳ್ಳಿ. ಕಂಪ್ಯೂಟರ್‌ಗಳಿಗೆ ಕಾವಲು ಸಾಫ್ಟ್‌ವೇರ್ ಕೊಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್ ಕೆಟ್ಟು ಜಗತ್ತಿನಲ್ಲಿ 85 ಲಕ್ಷ ವಿಂಡೋಸ್ ಕಂಪ್ಯೂಟರ್ ನೀಲಿ ಪರದೆ ಹೊದ್ದು ಮಲಗಿದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಪೆನ್ನಿನಲ್ಲಿ ಬರೆದು ಕೊಟ್ಟರು. ಕೈಯಲ್ಲಿ ಬರೆಯುವುದು ಗೊತ್ತಿದ್ದದ್ದಕ್ಕೆ ವಿಮಾನ ಹಾರಿತು.

ಪಿಂಪ್ರಿ ಪೇಡೆ

ಮುಂಬೈಯ ನೆಲದಡಿ ಮೆಟ್ರೋ, ಆಕ್ವಾ ಲೈನ್ ಕೂಡ ಹಾಗೇ ಅಲ್ವಾ? 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ತನಕ ಶುರುವಾದಾಗ ನೆಲದಡಿ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ ಅಂತ ಎಲ್ಲ ಪೇಪರಿನಲ್ಲೂ ಬಂತು. ಟಿಕೆಟ್ ಮಾತ್ರ ಫೋನಿನಲ್ಲಿ ತೆಗೆಯಿರಿ ಅಂತ ಪ್ರಚಾರ. ಆಮೇಲೆ ಸ್ಟೇಷನ್‌ಗಳಲ್ಲಿ ವೈಫೈ ಕೊಟ್ಟರು.

ಮೀರಾ ರೋಡ್ ಮಲ್ಲಿಗೆ

ನೆಟ್‌ವರ್ಕ್ ಇಲ್ಲದಿದ್ದರೆ ಒಳ್ಳೆಯದೇ. ಒಂದು ಗಂಟೆ ಯಾರೂ ಸ್ಪೀಕರ್ ಹಾಕಿ ರೀಲ್ಸ್ ನೋಡುವುದಿಲ್ಲ.

ಬೋರಿವಲಿ ಬೈಂದೂರು

ಮೆಟ್ರೋ ಬೇರೆ ಕಡೆ ಮಾತಾಡೋಣ. ನಾಳೆಯಿಂದ ಯುಪಿಐಗೂ ಚಾರ್ಜ್ ಹಾಕುತ್ತಾರಂತೆ, 3,000 ದಾಟಿದರೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬಂದಿದೆ.

ಲೆಕ್ಕದ ಭಟ್ರು, ಡೊಂಬಿವಲಿ

ಅದು 2025ರ ಜೂನ್‌ನ ಹಳೇ ಗಾಳಿಸುದ್ದಿ. ಹಣಕಾಸು ಸಚಿವಾಲಯ ಆಗಲೇ ಸುಳ್ಳು ಅಂತ ಹೇಳಿತ್ತು. ನಿಮ್ಮ ಗ್ರೂಪಿಗೆ ಸುದ್ದಿ ಹಳೇ ಮನಿ ಆರ್ಡರ್‌ಗಿಂತ ತಡವಾಗಿ ಬರುತ್ತದೆ.

ಹಿಂಜವಡಿ ಹುಬ್ಬಳ್ಳಿ

ಮೂಲ ಪ್ರಶ್ನೆಗೆ ಬರೋಣ. ಗಲ್ಲಾದವರೇ, ನನ್ನ ಸಲಹೆ: ಎರಡು ಬೇರೆ ಬ್ಯಾಂಕಿನ ಕ್ಯೂಆರ್ ಇಡಿ. ಒಂದು ಬ್ಯಾಂಕಿನ ಸರ್ವರ್ ಮಲಗಿದರೆ ಇನ್ನೊಂದು ಇರುತ್ತದೆ. ದಿನಾ ಬರುವ ಗಿರಾಕಿಗಳಿಗೆ ಯುಪಿಐ ಲೈಟ್ ಹಾಕಿಕೊಳ್ಳಲು ಹೇಳಿ, ಅಂದರೆ ಆ್ಯಪ್‌ನಲ್ಲೇ ಸ್ವಲ್ಪ ಹಣ ಮೊದಲೇ ತುಂಬಿಸಿಟ್ಟ ಪರ್ಸಿನ ಥರ. ಒಂದು ಸಲಕ್ಕೆ 1,000 ರೂಪಾಯಿ ತನಕ ಹೋಗುತ್ತದೆ, ಪಿನ್ ಬೇಡ, ಗಿರಾಕಿಯ ಬ್ಯಾಂಕ್ ನಿಧಾನ ಇದ್ದರೂ ನಡೆಯುತ್ತದೆ. 20 ರೂಪಾಯಿ ಚಹಾಕ್ಕೆ ಅದೇ ಸರಿ. ಏಪ್ರಿಲ್ 12ರ ಥರ ಎಲ್ಲವೂ ನಿಂತರೆ ಮಾತ್ರ ಪುಸ್ತಕವೇ ಗತಿ.

ಗಲ್ಲಾದ ಹುಡುಗ, ಮುಲುಂಡ್

ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ಭಟ್ರ ಗಡಿಯಾರದ ಮಾತಿಗೆ ಸುಮ್ಮನಾದರು. ದೋಸೆ ಉದಾಹರಣೆ ಮಾತ್ರ ಒಪ್ಪಲಿಲ್ಲ. "ನಮ್ಮ ಭಟ್ಟರು ಎಷ್ಟು ಕೇಳಿದರೂ ಕೈ ನಿಲ್ಲಿಸುವುದಿಲ್ಲ" ಅಂದರು. ಫೋರ್ಟ್ ಹಿರಿಯರ ಮನಿ ಆರ್ಡರ್ ಭಾಗ ಬಂದಾಗ, ಇನ್ನೊಂದು ಸಲ ಓದು ಅಂದರು. ಮಾವನೂ ನೈಟ್ ಸ್ಕೂಲಿನಲ್ಲಿ ಓದಿದವರು. ನನಗೆ ಇದುವರೆಗೆ ಗೊತ್ತಿರಲಿಲ್ಲ.

ತೀರ್ಮಾನ ಹೀಗಾಯಿತು. ಕ್ಯೂಆರ್ ಇರುತ್ತದೆ. ಎರಡನೇ ಬ್ಯಾಂಕಿನದ್ದೂ ಬರುತ್ತದೆ. ಅತ್ತೆ ಸೋಮವಾರ ಕರೆಂಟ್ ಖಾತೆ ತೆರೆಯಲು ಹೋಗುತ್ತಾರೆ. ಗಲ್ಲಾದಲ್ಲಿ ಯಾವಾಗಲೂ 1,500 ರೂಪಾಯಿ ಚಿಲ್ಲರೆ. ಉದ್ರಿಗೆ ಒಂದು ಹೊಸ ಪುಸ್ತಕ ಬಂದಿದೆ. ಮೊದಲ ಪುಟದಲ್ಲಿ ಮಾವನೇ ಅರಿಶಿನ ಹಚ್ಚಿ "ಶ್ರೀ" ಬರೆದರು. ಬೋರ್ಡು ಮಾತ್ರ ತೆಗೆಯುವುದಿಲ್ಲವಂತೆ.

ಬೋರಿವಲಿ ಬೈಂದೂರು

ಆ ಇಬ್ಬರು?

ಗಲ್ಲಾದ ಹುಡುಗ, ಮುಲುಂಡ್

ಒಬ್ಬರು 120 ರೂಪಾಯಿ ಊಟ, ಒಬ್ಬರು 80 ರೂಪಾಯಿ ಮಸಾಲೆ ದೋಸೆ. ಹೆಸರು ಬರೆದದ್ದು ನಾನೇ, ಅವಸರದಲ್ಲಿ ಒಂದು "ಪಾಟೀಲ", ಇನ್ನೊಂದು "ಕನ್ನಡಕ". ಹಳೇ ಪುಟ ಹಾಗೇ ಇಟ್ಟಿದ್ದೇನೆ.

ಪಿಂಪ್ರಿ ಪೇಡೆ

ಮುಲುಂಡ್‌ನಲ್ಲಿ ಪಾಟೀಲ ಅಂತ ಕರೆದರೆ ಅರ್ಧ ಲೋಕಲ್ ಟ್ರೈನ್ ತಿರುಗಿ ನೋಡುತ್ತದೆ.

ಫೋರ್ಟ್ ಹಳಬ

ಮಾವ ಯಾವ ನೈಟ್ ಸ್ಕೂಲು, ಯಾವ ವರ್ಷ ಅಂತ ಕೇಳಿ ಹೇಳು ಮಗಾ. ನನ್ನ ಬೆಂಚಿನವರೇ ಇರಬಹುದು.

ಮೀರಾ ರೋಡ್ ಮಲ್ಲಿಗೆ

ಭಾನುವಾರ ನೀರ್ ದೋಸೆ ಇರುತ್ತದಾ? ನಾವು ಆರು ಜನ ಬರುತ್ತೇವೆ. ಕ್ಯಾಶ್ ತರುತ್ತೇವೆ.

ಗಲ್ಲಾದ ಹುಡುಗ, ಮುಲುಂಡ್

ಇರುತ್ತದೆ, 11 ಗಂಟೆ ತನಕ. ಹಿರಿಯರೇ, ಮಾವ ನಿಮ್ಮ ಹೆಸರು ಕೇಳುತ್ತಿದ್ದಾರೆ. ಮೆಸೇಜ್ ಕಳಿಸಿದ್ದೇನೆ, ನೋಡಿ.